ಅಂಕಿತ ತಡೆಹಿಡಿಯುವುದೆಂದರೆ

2023ರ ನವೆಂಬರ್ 13ರಂದು ತಮಿಳುನಾಡಿನ ರಾಜ್ಯಪಾಲ ಆರ್.ಎನ್. ರವಿ ಅವರು ವಿಧಾನಸಭೆ ಅಂಗೀಕರಿಸಿದ್ದ ಹತ್ತು ಮಸೂದೆಗಳಿಗೆ ಅಂಕಿತ ತಡೆಹಿಡಿದಿರುವುದಾಗಿ ತಿಳಿಸಿದರು. ಯಾವ ಕಾರಣಕ್ಕೆ, ಯಾವ ಕಲಮಿನ ಬಗ್ಗೆ ಆಕ್ಷೇಪ, ಸದನ ಏನನ್ನು ಮರುಪರಿಶೀಲಿಸಬೇಕು ಎಂಬ ಸಂದೇಶ ಜೊತೆಗಿರಲಿಲ್ಲ. ಐದೇ ದಿನಗಳಲ್ಲಿ, ನವೆಂಬರ್ 18ರಂದು, ವಿಧಾನಸಭೆ ವಿಶೇಷ ಅಧಿವೇಶನ ಕರೆದು ಹತ್ತನ್ನೂ ಮತ್ತೆ ಅಂಗೀಕರಿಸಿ ಕಳಿಸಿತು. ಹತ್ತು ದಿನ ಕಳೆಯುವಷ್ಟರಲ್ಲಿ ರಾಜ್ಯಪಾಲರು ಅವನ್ನು ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಿದರು. ಆಗ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಶ್ನೆ ನೋಡಲು ರಾಜಕೀಯದ್ದು. ಅದರ ತಿರುಳು ಮಾತ್ರ ಒಂದು ಇಂಗ್ಲಿಷ್ ಕ್ರಿಯಾಪದದ್ದು. ಸಂವಿಧಾನದ 200ನೇ ವಿಧಿ ರಾಜ್ಯಪಾಲರಿಗೆ ಮೂರು ದಾರಿಗಳನ್ನು ತೋರಿಸುತ್ತದೆ: ಅಂಕಿತ ಹಾಕುವುದು, ಅಂಕಿತವನ್ನು ‘ವಿತ್‌ಹೋಲ್ಡ್’ ಮಾಡುವುದು, ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸುವುದು. ಈ ಎರಡನೆಯ ಪದಕ್ಕೆ ‘ನಿರಾಕರಿಸು’ ಎಂದು ಅರ್ಥವೇ, ‘ಕೈಯಲ್ಲಿ ಹಿಡಿದು ನಿಲ್ಲಿಸು’ ಎಂದೇ? ಮೊದಲನೆಯದಾದರೆ ಮಸೂದೆ ಅಲ್ಲೇ ಸತ್ತಿತು, ಸದನ ಮತ್ತೆ ಅಂಗೀಕರಿಸಲು ಉಳಿದದ್ದೇನೂ ಇಲ್ಲ. ಎರಡನೆಯದಾದರೆ ಮಸೂದೆ ಇನ್ನೂ ಜೀವಂತ, ಹಿಡಿದವರು ಉತ್ತರ ಕೊಡಬೇಕು. ಕೋಟ್ಯಂತರ ಜನ ಆರಿಸಿ ಕಳಿಸಿದ ಸದನದ ಕೆಲಸ ಉಳಿಯುವುದೋ ಅಳಿಯುವುದೋ ಎಂಬುದು ಈ ಭೇದದ ಮೇಲೆ ನಿಂತಿತ್ತು.

ನನ್ನ ವಾದ ಇಷ್ಟು: ‘ವಿತ್‌ಹೋಲ್ಡ್’ ಎಂಬುದು ನಿರಾಕರಣೆಯ ಸೌಮ್ಯ ರೂಪವಲ್ಲ. ಇನ್ನೊಬ್ಬರಿಗೆ ಸಲ್ಲಬೇಕಾದದ್ದು ನಮ್ಮ ಕೈಯಲ್ಲಿದೆ ಎಂದು ಒಪ್ಪಿಕೊಂಡ ಮೇಲಷ್ಟೇ ಈ ಕ್ರಿಯಾಪದ ಬಳಕೆಗೆ ಬರುತ್ತದೆ. ಹಾಗಾಗಿ ಅದನ್ನು ಬಳಸಿದವರ ಮೇಲೆ ಕಾರಣದ ಮತ್ತು ಕಾಲದ ಋಣ ಬೀಳುತ್ತದೆ. ಪದದ ಬಳಕೆಯನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ನಿರಾಕರಣೆ ಸಾಮಾನ್ಯವಾಗಿ ಒಂದು ಕ್ಷಣದ ಕೆಲಸ. ‘ಇಲ್ಲ’ ಎಂದೊಡನೆ ಮುಗಿಯಿತು. ತಡೆಹಿಡಿಯುವುದು ಒಂದು ಸ್ಥಿತಿ. ಬಿಡುವ ತನಕ ಅದು ಮುಂದುವರಿಯುತ್ತಲೇ ಇರುತ್ತದೆ. ಕನ್ನಡದಲ್ಲೂ ನಾವು ‘ಮೂರು ತಿಂಗಳಿಂದ ಸಂಬಳ ತಡೆಹಿಡಿದಿದ್ದಾರೆ’ ಎನ್ನುತ್ತೇವೆ. ‘ಮೂರು ತಿಂಗಳಿಂದ ಅರ್ಜಿ ತಿರಸ್ಕರಿಸಿದ್ದಾರೆ’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ತಿರಸ್ಕಾರಕ್ಕೆ ಅವಧಿಯಿಲ್ಲ. ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ತನ್ನ ಸಂಖ್ಯೆಯ ಎದುರು ‘ಫಲಿತಾಂಶ ತಡೆಹಿಡಿಯಲಾಗಿದೆ’ ಎಂದು ಓದಿದ ವಿದ್ಯಾರ್ಥಿ ತಾನು ಫೇಲಾದೆ ಎಂದು ತಿಳಿಯುವುದಿಲ್ಲ. ಅಂಕಗಳು ಎಲ್ಲೋ ಇವೆ, ಶುಲ್ಕವೋ ದಾಖಲೆಯೋ ವಿಚಾರಣೆಯೋ ಬಾಕಿ ಇದೆ, ಅದು ಮುಗಿದರೆ ಫಲಿತಾಂಶ ಹೊರಬರುತ್ತದೆ ಎಂದೇ ತಿಳಿಯುತ್ತಾನೆ. ಹಾಗೆ ತಿಳಿಯುವ ಹಕ್ಕು ಅವನಿಗಿದೆ.

ಇಂಗ್ಲಿಷಿನಲ್ಲಿ ಈ ಪದ ಸುಮಾರು ಎಂಟುನೂರು ವರ್ಷ ಹಳೆಯದು. ಅದರ ಮೊದಲ ಭಾಗವಾದ ‘ವಿತ್’ಗೆ ಇಂದು ‘ಜೊತೆಗೆ’ ಎಂಬ ಅರ್ಥವಿದ್ದರೂ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎದುರಾಗಿ’ ಎಂಬ ಅರ್ಥವಿತ್ತು. ‘ವಿತ್‌ಸ್ಟ್ಯಾಂಡ್’, ‘ವಿತ್‌ಡ್ರಾ’ ಎಂಬ ಪದಗಳಲ್ಲಿ ಆ ಹಳೆಯ ನೆನಪು ಉಳಿದಿದೆ. ಎರಡನೆಯ ಭಾಗ ‘ಹೋಲ್ಡ್’, ಹಿಡಿ. ಹೊರಟಿರುವ ವಸ್ತುವಿಗೆ ಎದುರಾಗಿ ಹಿಡಿಯುವುದು ಎಂದಾಯಿತು. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ವಸ್ತು ಹಿಡಿಯುವವರ ಕೈಯಲ್ಲಿರಬೇಕು. ಉಡುಗೊರೆಯನ್ನು ಪಡೆಯುವವನು ನಿರಾಕರಿಸಬಹುದು, ತಡೆಹಿಡಿಯಲಾರ. ತಡೆಹಿಡಿಯುವುದು ಕೊಡಬೇಕಾದವನಿಗಷ್ಟೇ ಸಾಧ್ಯ. ಎರಡನೆಯದು, ಅದನ್ನು ನಿರೀಕ್ಷಿಸಿ ನಿಂತ ಇನ್ನೊಬ್ಬರಿರಬೇಕು. ಮಾಲೀಕ ಕಾರ್ಮಿಕನ ಕೂಲಿಯನ್ನು ತಡೆಹಿಡಿಯುತ್ತಾನೆ, ವೈದ್ಯ ರೋಗಿಯಿಂದ ಮಾಹಿತಿಯನ್ನು ತಡೆಹಿಡಿಯುತ್ತಾನೆ. ಇಂಗ್ಲಿಷಿನಲ್ಲಿ ಈ ಮಾತುಗಳೊಳಗೆ ಸಣ್ಣ ಆರೋಪವೊಂದು ಅಡಗಿರುತ್ತದೆ. ದಾರಿಯಲ್ಲಿ ಹೋಗುವ ಅಪರಿಚಿತನಿಗೆ ನಾನು ನನ್ನ ಹಣ ಕೊಡದಿದ್ದರೆ ‘ವಿತ್‌ಹೋಲ್ಡ್’ ಮಾಡಿದೆ ಎಂದು ಯಾರೂ ಹೇಳರು. ಅದರ ಮೇಲೆ ಅವನಿಗೆ ಹಕ್ಕಿಲ್ಲ.

ಈ ಆರೋಪವನ್ನು ನಮ್ಮ ಕಾನೂನು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿದೆ. 1872ರ ಸಾಕ್ಷ್ಯ ಅಧಿನಿಯಮದ 114ನೇ ಕಲಮಿನ ಒಂದು ನಿದರ್ಶನ ಇದೇ ಕ್ರಿಯಾಪದವನ್ನು ಬಳಸುತ್ತದೆ: ಹಾಜರುಪಡಿಸಬಹುದಾಗಿದ್ದ ಸಾಕ್ಷ್ಯವನ್ನು ಒಬ್ಬ ತಡೆಹಿಡಿದರೆ, ಅದು ಹೊರಬಂದಿದ್ದರೆ ಅವನಿಗೇ ಪ್ರತಿಕೂಲವಾಗುತ್ತಿತ್ತು ಎಂದು ನ್ಯಾಯಾಲಯ ಭಾವಿಸಬಹುದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲೂ ಅದು ಮುಂದುವರಿದಿದೆ. ತಡೆಹಿಡಿದವನು ಬಾಯಿ ಬಿಡದಿದ್ದರೆ ಆ ಮೌನವೇ ಅವನ ವಿರುದ್ಧ ಮಾತಾಡುತ್ತದೆ ಎಂಬ ತತ್ವ ಇದು. ತೆರಿಗೆಯಲ್ಲೂ ಹೀಗೆಯೇ. ಹಲವು ದೇಶಗಳಲ್ಲಿ ‘ವಿತ್‌ಹೋಲ್ಡಿಂಗ್ ಟ್ಯಾಕ್ಸ್’ ಎಂದು ಕರೆಯುವುದನ್ನು ನಾವು ಮೂಲದಲ್ಲೇ ಕಡಿತ, ಟಿಡಿಎಸ್, ಎನ್ನುತ್ತೇವೆ. ಕಡಿತ ಮಾಡಿದವರು ಆ ಹಣದ ಒಡೆಯರಲ್ಲ. ನಿಗದಿತ ದಿನದೊಳಗೆ ಅದನ್ನು ಸರ್ಕಾರಕ್ಕೆ ಕಟ್ಟಬೇಕು, ಕಡಿತಕ್ಕೊಳಗಾದವರಿಗೆ ಪ್ರಮಾಣಪತ್ರ ಕೊಡಬೇಕು. ಊರ ಹಿರಿಯರ ಮಧ್ಯಸ್ಥಿಕೆಯಲ್ಲಿ ಇಟ್ಟ ಹಣದಂತೆ, ಹಿಡಿದ ಕೈಗೆ ಅದು ಸೇರಿದ್ದಲ್ಲ.

ಇದೇ ಬಳಗದ ಉಳಿದ ಪದಗಳು ಬೇರೆ ಕೆಲಸ ಮಾಡುತ್ತವೆ. ‘ರಿಫ್ರೇನ್’ ಎಂದರೆ ತನ್ನನ್ನು ತಾನು ಬಿಗಿಹಿಡಿಯುವುದು. ಅದರ ಲ್ಯಾಟಿನ್ ಮೂಲದಲ್ಲಿ ಕುದುರೆಯ ಕಡಿವಾಣವಿದೆ. ‘ರಿಸ್ಟ್ರೇನ್’ ಬೇರೆಯವರನ್ನು ಕಟ್ಟಿಹಾಕುತ್ತದೆ. ‘ಅಬ್‌ಸ್ಟೇನ್’ ಮತದಾನದಿಂದಲೋ ಮದ್ಯದಿಂದಲೋ ದೂರ ಉಳಿಯುವುದು. ಈ ಮೂರರಲ್ಲೂ ಹಿಡಿಯುವುದು ನಡವಳಿಕೆಯನ್ನು, ಇನ್ನೊಬ್ಬರಿಗೆ ಸಲ್ಲಬೇಕಾದ ವಸ್ತುವನ್ನಲ್ಲ. 200ನೇ ವಿಧಿಯ ಕರಡು ಬರೆದವರು ಇವುಗಳಲ್ಲಿ ಯಾವುದನ್ನೂ ಆರಿಸಲಿಲ್ಲ. ‘ರಿಫ್ಯೂಸ್’ ಎಂಬ ಸರಳ ಪದ ಕೈಯಳತೆಯಲ್ಲೇ ಇತ್ತು, ಅದನ್ನೂ ಆರಿಸಲಿಲ್ಲ.

ಇಲ್ಲಿ ನನ್ನ ವಾದಕ್ಕೆ ಅತಿ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಆಯ್ಕೆ ಅವರದ್ದೇ ಅಲ್ಲ, ಪದ ಎರವಲು ಬಂದದ್ದು, ಬರುವಾಗಲೇ ಅದು ವಿಟೋ ಅಧಿಕಾರದ ಅರ್ಥವನ್ನು ಹೊತ್ತು ಬಂದಿತ್ತು ಎಂಬುದು ಆ ಆಕ್ಷೇಪ. ಇತಿಹಾಸ ಇದನ್ನು ಬಹುಮಟ್ಟಿಗೆ ಒಪ್ಪುತ್ತದೆ. ಇಂಗ್ಲೆಂಡಿನ ಅರಸರು ಸಂಸತ್ತಿನ ಮಸೂದೆಯನ್ನು ಒಪ್ಪದಿದ್ದಾಗ ನೇರವಾಗಿ ‘ಆಗದು’ ಎನ್ನುತ್ತಿರಲಿಲ್ಲ. ‘ಅರಸರು ಆಲೋಚಿಸುವರು’ ಎಂಬರ್ಥದ ಹಳೆಯ ಫ್ರೆಂಚ್ ಸೂತ್ರವೊಂದನ್ನು ಸಂಸತ್ತಿನಲ್ಲಿ ಓದಿಸುತ್ತಿದ್ದರು. ಆಲೋಚನೆ ಮುಂದೆಂದೂ ನಡೆಯುತ್ತಿರಲಿಲ್ಲ, ಮಸೂದೆ ಅಲ್ಲಿಗೇ ಮುಗಿಯುತ್ತಿತ್ತು. 1708ರಲ್ಲಿ ರಾಣಿ ಆ್ಯನ್ ಸ್ಕಾಟಿಷ್ ಮಿಲಿಷಿಯಾ ಮಸೂದೆಗೆ ಸಮ್ಮತಿ ಕೊಡದೇ ಹೋದದ್ದೇ ಕೊನೆ. ಆಮೇಲೆ ಬ್ರಿಟಿಷ್ ಸಿಂಹಾಸನ ಆ ಅಧಿಕಾರವನ್ನು ತನ್ನ ಸಂಸತ್ತಿನ ಮೇಲೆ ಬಳಸಿಲ್ಲ. ವಸಾಹತುಗಳ ಮಾತು ಬೇರೆ. ಕೆನಡಾಕ್ಕಾಗಿ 1867ರಲ್ಲಿ ಮಾಡಿದ ಬ್ರಿಟಿಷ್ ನಾರ್ತ್ ಅಮೆರಿಕ ಕಾಯ್ದೆಯ 55ನೇ ಕಲಮಿನಲ್ಲಿ ಗವರ್ನರ್ ಜನರಲ್‌ಗೆ ಮೂರು ದಾರಿಗಳಿವೆ: ಸಮ್ಮತಿ, ‘ವಿತ್‌ಹೋಲ್ಡ್’, ರಾಣಿಯ ಇಚ್ಛೆಗಾಗಿ ಕಾಯ್ದಿರಿಸುವುದು. ಆಸ್ಟ್ರೇಲಿಯಾದ ಸಂವಿಧಾನದ 58ನೇ ಕಲಮಿನಲ್ಲೂ ಅವೇ ಮೂರು. ಭಾರತಕ್ಕಾಗಿ ಬಂದ 1935ರ ಕಾಯ್ದೆಯ 75ನೇ ಕಲಮಿನಲ್ಲೂ ಅವೇ. ನಮ್ಮ 200ನೇ ವಿಧಿಯ ಎಲುಬು ಅಲ್ಲಿಂದ ಬಂದದ್ದು ಎಂಬುದರಲ್ಲಿ ಅನುಮಾನವಿಲ್ಲ. ಈ ಎಲ್ಲ ಕಡೆ ‘ವಿತ್‌ಹೋಲ್ಡ್’ ಎಂದರೆ, ನಡೆನುಡಿಯಲ್ಲಿ ಎಷ್ಟೇ ಮೃದುವಾಗಿದ್ದರೂ, ಅಂತಿಮ ನಿರಾಕರಣೆಯೇ.

ಆದರೆ ಪದದ ಎಲುಬಿನ ಜೊತೆಗೆ ಅದರ ಸುತ್ತಲಿನ ಮಾಂಸವನ್ನೂ ನೋಡಬೇಕು. ಲಂಡನ್ನಿನ ಸಾಮ್ರಾಜ್ಯಕ್ಕೆ ಸಮ್ಮತಿ ತನ್ನದೇ ಸ್ವತ್ತು. ವಸಾಹತಿನ ಶಾಸಕಾಂಗಕ್ಕೆ ಅದರ ಮೇಲೆ ಹಕ್ಕಿಲ್ಲ ಎಂಬುದು ಅದರ ನಿಲುವು. ಕೇಳುವ ಹಕ್ಕುಳ್ಳವರೇ ಇಲ್ಲದ ಕಡೆ ತಡೆಹಿಡಿಯುವುದಕ್ಕೂ ನಿರಾಕರಿಸುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. 1935ರ ಕಾಯ್ದೆಯಲ್ಲಿ ಗವರ್ನರ್ ಇದೆಲ್ಲವನ್ನೂ ‘ತನ್ನ ವಿವೇಚನೆಯಿಂದ’ ಮಾಡಬಹುದಿತ್ತು. ಮಸೂದೆಯನ್ನು ಸದನಕ್ಕೆ ಹಿಂದಿರುಗಿಸುವ ಅವಕಾಶವೂ ಅಲ್ಲಿತ್ತು, ಆದರೆ ಸದನ ಅದನ್ನು ಮತ್ತೆ ಅಂಗೀಕರಿಸಿದರೆ ಗವರ್ನರ್ ಬಾಗಬೇಕು ಎಂಬ ಮಾತಿರಲಿಲ್ಲ. ನಮ್ಮ ಸಂವಿಧಾನ ಈ ಎರಡನ್ನೂ ಬದಲಿಸಿತು. ಕರಡಿನಲ್ಲಿ ಉಳಿದಿದ್ದ ‘ವಿವೇಚನೆಯಿಂದ’ ಎಂಬ ಮಾತನ್ನು 1949ರಲ್ಲಿ ಅಂಬೇಡ್ಕರ್ ಅವರ ತಿದ್ದುಪಡಿಯ ಮೂಲಕ ಸಂವಿಧಾನ ಸಭೆ ತೆಗೆದುಹಾಕಿತು. ಜವಾಬ್ದಾರಿಯುತ ಸರ್ಕಾರದಲ್ಲಿ ರಾಜ್ಯಪಾಲರ ಸ್ವಂತ ವಿವೇಚನೆಗೆ ಇಲ್ಲಿ ಜಾಗವಿಲ್ಲ ಎಂಬುದು ಅವರ ನಿಲುವಾಗಿತ್ತು. ಹಿಂದಿರುಗಿಸಿದ ಮಸೂದೆ ಮತ್ತೆ ಅಂಗೀಕಾರವಾಗಿ ಬಂದರೆ ರಾಜ್ಯಪಾಲರು ಅಂಕಿತವನ್ನು ತಡೆಹಿಡಿಯತಕ್ಕದ್ದಲ್ಲ ಎಂಬ ಮಾತು ವಿಧಿಯ ಮೊದಲ ಪರಂತುಕದಲ್ಲಿ (ಪ್ರೊವೈಸೊ) ಬಂತು. ಪದ ಅದೇ, ಆದರೆ ಎದುರಿಗೆ ಈಗ ಹಕ್ಕುಳ್ಳವರು ನಿಂತಿದ್ದಾರೆ. ಗಣರಾಜ್ಯ ಆ ಕ್ರಿಯಾಪದಕ್ಕೆ ಅದರ ಮೂಲ ಅರ್ಥವನ್ನು ಮರಳಿ ಕೊಟ್ಟಿತು ಎಂದು ನಾನು ಓದುತ್ತೇನೆ.

ಇದಕ್ಕೂ ಮರುಮಾತಿದೆ. 168ನೇ ವಿಧಿಯ ಪ್ರಕಾರ ರಾಜ್ಯಪಾಲರೂ ಶಾಸಕಾಂಗದ ಒಂದು ಅಂಗ. ಅಂಕಿತವಿಲ್ಲದೆ ಮಸೂದೆ ಕಾನೂನಾಗದು. ಹಾಗಿರುವಾಗ ಅವರನ್ನು ಬರೀ ಸಹಿ ಹಾಕುವ ಕೈ ಎಂದು ಹೇಗೆ ಕಾಣುವುದು? ಇದು ಸರಿಯಾದ ಪ್ರಶ್ನೆ. ಪರಂತುಕವನ್ನು ಓದಿದಾಗ ಉತ್ತರ ಸಿಗುತ್ತದೆ. ರಾಜ್ಯಪಾಲರು ಸಂದೇಶ ಕಳಿಸಬಹುದು, ನಿರ್ದಿಷ್ಟ ಕಲಮುಗಳನ್ನು ಮರುಪರಿಶೀಲಿಸಿ ಎನ್ನಬಹುದು, ತಿದ್ದುಪಡಿಗಳನ್ನೂ ಸೂಚಿಸಬಹುದು. ಸದನ ಅದನ್ನು ಕೇಳಲೇಬೇಕು. ಶಾಸನ ರಚನೆಯಲ್ಲಿ ಅವರ ಪಾಲು ಇದು, ಮಾತಿನ ಪಾಲು. ಮಾತೇ ಇಲ್ಲದೆ ಮಸೂದೆಯನ್ನು ಕೊನೆಗಾಣಿಸುವ ಪಾಲನ್ನು ಆ ವಿಧಿ ಕೊಟ್ಟಿದ್ದರೆ, ಸದನ ಎರಡನೇ ಬಾರಿ ಅಂಗೀಕರಿಸಿದಾಗ ಅವರು ಬಾಗಲೇಬೇಕು ಎಂಬ ನಿಯಮಕ್ಕೆ ಅರ್ಥವಿರುತ್ತಿರಲಿಲ್ಲ. ಹಿಂದಿರುಗಿಸದೆ ಮೌನವಾಗಿ ಇಟ್ಟುಕೊಂಡರೆ ಆ ನಿಯಮದಿಂದ ತಪ್ಪಿಸಿಕೊಳ್ಳಬಹುದು ಎಂದಾದರೆ, ಕಾರಣ ಹೇಳಿ ಹಿಂದಿರುಗಿಸಿದ ರಾಜ್ಯಪಾಲರಿಗಿಂತ ಏನೂ ಹೇಳದವರಿಗೆ ಹೆಚ್ಚು ಅಧಿಕಾರ ಸಿಕ್ಕಂತಾಗುತ್ತದೆ.

ನ್ಯಾಯಾಲಯಗಳು ಈ ಹಾದಿಗೆ ನಿಧಾನವಾಗಿ ಬಂದವು. ಆಂಧ್ರಪ್ರದೇಶದ ವಲ್ಲೂರಿ ಬಸವಯ್ಯ ಚೌಧರಿ ಪ್ರಕರಣದಲ್ಲಿ, 1979ರಲ್ಲಿ, ಅಂಕಿತ ತಡೆಹಿಡಿದರೆ ಪರಂತುಕದ ಕ್ರಮವನ್ನು ಅನುಸರಿಸದ ಹೊರತು ಮಸೂದೆ ಬಿದ್ದುಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ವಾಕ್ಯದ ಮೊದಲರ್ಧವನ್ನು ಹಿಡಿದವರಿಗೆ ಅದು ವಿಟೋದಂತೆ ಕಂಡಿತು, ಎರಡನೆಯ ಅರ್ಧವನ್ನು ಹಿಡಿದವರಿಗೆ ಕರ್ತವ್ಯದಂತೆ. ಪಂಜಾಬ್ ಪ್ರಕರಣದಲ್ಲಿ, 2023ರ ನವೆಂಬರ್ 10ರಂದು, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಗೊಂದಲವನ್ನು ನೀಗಿಸಿತು: ತಡೆಹಿಡಿಯಲು ನಿರ್ಧರಿಸಿದ ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಹಿಂದಿರುಗಿಸಲೇಬೇಕು. ತಮಿಳುನಾಡಿನ ಹತ್ತು ಮಸೂದೆಗಳ ಟಿಪ್ಪಣಿ ಹೊರಬಿದ್ದದ್ದು ಇದಾದ ಮೂರೇ ದಿನಕ್ಕೆ. ಆ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಇನ್ನೂ ಮುಂದಕ್ಕೆ ಹೋದರು. ಒಂದರಿಂದ ಮೂರು ತಿಂಗಳ ಗಡುವುಗಳನ್ನು ಗೊತ್ತುಮಾಡಿದರು, 142ನೇ ವಿಧಿಯ ಅಧಿಕಾರ ಬಳಸಿ ಹತ್ತೂ ಮಸೂದೆಗಳಿಗೆ ಅಂಕಿತ ಸಿಕ್ಕಿದೆ ಎಂದೇ ಘೋಷಿಸಿದರು. ಮುಂದಿನ ತಿಂಗಳೇ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 143ನೇ ವಿಧಿಯಡಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿಗೆ ಕಳಿಸಿದರು. ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಐವರ ಪೀಠ ನವೆಂಬರ್ 20ರಂದು ಅಭಿಪ್ರಾಯ ಕೊಟ್ಟಿತು. ಗಡುವು ಹೇರುವುದು ನ್ಯಾಯಾಲಯದ ಕೆಲಸವಲ್ಲ, ‘ಅಂಕಿತ ಸಿಕ್ಕಿದೆ ಎಂದು ಭಾವಿಸುವುದು’ ಸಂವಿಧಾನದಲ್ಲಿಲ್ಲ ಎಂದು ಏಪ್ರಿಲ್ ತೀರ್ಪಿನ ಆ ಭಾಗಗಳನ್ನು ಅದು ಒಪ್ಪಲಿಲ್ಲ. ಆದರೆ ನಮ್ಮ ಕ್ರಿಯಾಪದದ ವಿಷಯದಲ್ಲಿ ಮಾತು ಖಚಿತವಾಗಿತ್ತು: ಸುಮ್ಮನೆ ತಡೆಹಿಡಿಯುವುದು ಎಂಬ ಆಯ್ಕೆಯೇ ಇಲ್ಲ. ತಡೆಹಿಡಿಯುವುದೂ ಅಭಿಪ್ರಾಯದೊಡನೆ ಹಿಂದಿರುಗಿಸುವುದೂ ಒಂದೇ ಕ್ರಿಯೆಯ ಎರಡು ತುದಿಗಳು. ಈ ಭಾಗದಲ್ಲಿ ನ್ಯಾಯಾಲಯ ಪದವನ್ನು ಸರಿಯಾಗಿ ಓದಿದೆ ಎಂಬುದು ನನ್ನ ದೃಢ ನಂಬಿಕೆ.

ಹೀಗೆ ಓದಿದರೆ ಕೆಟ್ಟ ಕಾನೂನುಗಳ ವಿರುದ್ಧದ ಕೊನೆಯ ಕಾವಲು ಬಿದ್ದುಹೋಗುತ್ತದೆ ಎನ್ನುವವರಿದ್ದಾರೆ. ಅವರು ಸಾಮಾನ್ಯವಾಗಿ ನೆನಪಿಸುವುದು 1986ರ ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು. ನಾಗರಿಕರ ಪತ್ರಗಳನ್ನು ಸರ್ಕಾರ ತೆರೆದು ನೋಡಲು ಅನುವು ಮಾಡಿಕೊಡುತ್ತಿದ್ದ ಆ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ, ಅದು ಕಾನೂನಾಗಲಿಲ್ಲ. ಫಲ ಒಳ್ಳೆಯದೇ. ಆದರೆ ಅವರ ಆಕ್ಷೇಪ ಏನೆಂದು ಸಂಸತ್ತಿಗೆ ಸಂದೇಶವಾಗಿ ಬಂದಿದ್ದರೆ, ಖಾಸಗಿತನದ ಕುರಿತು ಈ ದೇಶ ಹಲವು ವರ್ಷಗಳ ಬಳಿಕ ನಡೆಸಿದ ಚರ್ಚೆಗೆ ಅಂದೇ ಒಂದು ಅಧಿಕೃತ ದಾಖಲೆ ಸಿಗುತ್ತಿತ್ತು. ಮೌನ ಮಸೂದೆಯ ಜೊತೆಗೆ ಕಾರಣವನ್ನೂ ಹೂತುಹಾಕಿತು. ಇದರ ಎದುರಿಗೆ 2006ರ ನಿದರ್ಶನವನ್ನು ಇಡಬೇಕು. ಲಾಭದಾಯಕ ಹುದ್ದೆಗಳ ಮಸೂದೆಯನ್ನು ಎ.ಪಿ.ಜೆ. ಅಬ್ದುಲ್ ಕಲಾಂ ಮರುಪರಿಶೀಲನೆಗೆ ಹಿಂದಿರುಗಿಸಿದರು. ಸಂಸತ್ತು ಅದನ್ನು ಮತ್ತೆ ಅಂಗೀಕರಿಸಿತು, ಅವರು ಸಹಿ ಹಾಕಿದರು. ಅವರು ಸೋತರು ಎಂದು ಕೆಲವರು ಬಗೆಯಬಹುದು, ನನಗೆ ಹಾಗನ್ನಿಸುವುದಿಲ್ಲ. ರಾಷ್ಟ್ರದ ಮುಂದೆ ಪ್ರಶ್ನೆ ಎದ್ದು ನಿಂತಿತು, ಉತ್ತರಿಸುವ ಹೊಣೆ ಸಂಸತ್ತಿನ ಮೇಲೆ ಬಿತ್ತು, ಆ ಉತ್ತರದ ಜವಾಬ್ದಾರಿಯೂ ಅದಕ್ಕೇ ಸೇರಿತು.

ಕರ್ನಾಟಕದಲ್ಲೂ ಈ ಕ್ರಿಯೆಯ ಬೇರೆ ಬೇರೆ ಮುಖಗಳನ್ನು ನಾವು ಇತ್ತೀಚೆಗೆ ಕಂಡಿದ್ದೇವೆ. 2025ರ ಫೆಬ್ರುವರಿಯಲ್ಲಿ ಮೈಕ್ರೊಫೈನಾನ್ಸ್ ಸುಗ್ರೀವಾಜ್ಞೆಯನ್ನು ರಾಜ್ಯಪಾಲ ಥಾವರ್‌ಚಂದ್ ಗೆಹಲೋತ್ ಶಿಕ್ಷೆಯ ಪ್ರಮಾಣದ ಕುರಿತ ಆಕ್ಷೇಪಗಳೊಡನೆ ವಾಪಸ್ ಕಳಿಸಿದರು; ಸರ್ಕಾರ ಸ್ಪಷ್ಟನೆ ಕೊಟ್ಟಿತು; ಕೆಲವೇ ದಿನಗಳಲ್ಲಿ ಅಂಕಿತ ಬಿತ್ತು. ಸುಗ್ರೀವಾಜ್ಞೆಗೆ ಅನ್ವಯಿಸುವ ವಿಧಿ ಬೇರೆಯಾದರೂ ನಡೆದ ಕ್ರಮ ಮಾದರಿಯಾಗಿತ್ತು: ತಡೆ, ಕಾರಣ, ಉತ್ತರ, ನಿರ್ಧಾರ. ಅದೇ ವರ್ಷ ಸರ್ಕಾರಿ ಗುತ್ತಿಗೆಗಳಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ಕೊಡುವ ತಿದ್ದುಪಡಿ ಮಸೂದೆಯನ್ನು ಅವರು ರಾಷ್ಟ್ರಪತಿಗಳಿಗಾಗಿ ಕಾಯ್ದಿರಿಸಿದರು. ಆ ನಿರ್ಧಾರವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಅದು ವಿಧಿಯಲ್ಲೇ ಇರುವ ಪ್ರತ್ಯೇಕ ದಾರಿ, ಎಲ್ಲರಿಗೂ ಕಾಣುವಂತೆ ತುಳಿದದ್ದು. ಮಸೂದೆ ಸಂವಿಧಾನಬಾಹಿರ ಎಂಬ ಅನುಮಾನವಿದ್ದಾಗ ಕಾಯ್ದಿರಿಸುವುದಕ್ಕೂ ಹಿಂದಿರುಗಿಸುವುದಕ್ಕೂ ಅವಕಾಶವಿದೆ, ಕಾನೂನಾದ ಮೇಲೆ ನ್ಯಾಯಾಲಯವಿದೆ. ಕಾವಲಿಗೆ ಮೌನದ ಅಗತ್ಯವಿಲ್ಲ.

ಕೊನೆಯ ಆಕ್ಷೇಪ ನನ್ನ ವಾದದ ಒಳಗಿನಿಂದಲೇ ಹುಟ್ಟುತ್ತದೆ, ಹಾಗಾಗಿ ಹೆಚ್ಚು ಕಾಡುತ್ತದೆ. ತಡೆಹಿಡಿಯುವುದು ಅಂತಿಮವಲ್ಲ ಎಂದರೆ ಅದಕ್ಕೆ ಕೊನೆಯೂ ಇಲ್ಲ ಎಂದಾಗುವುದಿಲ್ಲವೇ? ‘ನಾನು ನಿರಾಕರಿಸಿಲ್ಲ, ಪರಿಶೀಲಿಸುತ್ತಿದ್ದೇನೆ’ ಎನ್ನುತ್ತ ಮಸೂದೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬಹುದಲ್ಲ? ತಮಿಳುನಾಡಿನ ಮಸೂದೆಗಳಲ್ಲಿ ಕೆಲವು 2020ರಷ್ಟು ಹಳೆಯವು. ಈ ಅಪಾಯ ನಿಜ, ಇದಕ್ಕೆ ಪದದೊಳಗಿನಿಂದ ಮಾತ್ರ ಉತ್ತರ ಸಿಗದು. ಬೇರೆ ಕಡೆಯ ಶಾಸನಕರ್ತರು ಇದನ್ನು ಕಂಡು ಪದಕ್ಕೆ ಕಾಲವನ್ನು ಹೊರಗಿನಿಂದ ಜೋಡಿಸಿದ್ದಾರೆ. ಇಂಗ್ಲೆಂಡಿನ ಬಾಡಿಗೆ ಕಾನೂನು ಒಳ್ಳೆಯ ನಿದರ್ಶನ. ಬಾಡಿಗೆದಾರ ತನ್ನ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಮಾಲೀಕನ ಒಪ್ಪಿಗೆ ಬೇಕೆಂದು ಕರಾರಿದ್ದರೆ, ಆ ಒಪ್ಪಿಗೆಯನ್ನು ಅಕಾರಣವಾಗಿ ‘ವಿತ್‌ಹೋಲ್ಡ್’ ಮಾಡುವಂತಿಲ್ಲ ಎಂದು 1927ರ ಕಾಯ್ದೆ ಹೇಳಿತು. ಅಷ್ಟರಿಂದ ಪರಿಹಾರವಾಗಲಿಲ್ಲ, ಉತ್ತರವನ್ನೇ ಕೊಡದ ಮಾಲೀಕನಿಗೆ ಕಾರಣ ಹೇಳುವ ಪ್ರಮೇಯವೂ ಬರುತ್ತಿರಲಿಲ್ಲ. ಹಾಗಾಗಿ 1988ರ ಕಾಯ್ದೆ ಸಮಂಜಸ ಕಾಲದೊಳಗೆ ಲಿಖಿತವಾಗಿ ಉತ್ತರಿಸಬೇಕು, ಒಪ್ಪದಿದ್ದರೆ ಕಾರಣ ಬರೆಯಬೇಕು ಎಂಬ ಕರ್ತವ್ಯ ವಿಧಿಸಿತು. ನಮ್ಮದೇ 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ನೇರ. ಅಧಿಕಾರಿ 30 ದಿನಗಳೊಳಗೆ ನಿರ್ಧಾರ ಕೊಡದಿದ್ದರೆ ನಿರಾಕರಿಸಿದಂತೆಯೇ ಎಂದು ಅದರ 7ನೇ ಕಲಮು ಭಾವಿಸುತ್ತದೆ. ಅರ್ಜಿದಾರನಿಗೆ ಮೇಲ್ಮನವಿಯ ಬಾಗಿಲು ತೆರೆಯುತ್ತದೆ. ಅಮೆರಿಕದ ಸಂವಿಧಾನವಂತೂ ಅಧ್ಯಕ್ಷರಿಗೆ ಭಾನುವಾರಗಳನ್ನು ಬಿಟ್ಟು ಹತ್ತೇ ದಿನ ಕೊಟ್ಟಿದೆ. ಕಾಂಗ್ರೆಸ್ ಅಧಿವೇಶನದಲ್ಲಿದ್ದರೆ ಆಮೇಲೆ ಸಹಿಯಿಲ್ಲದೆಯೂ ಮಸೂದೆ ಕಾನೂನಾಗುತ್ತದೆ. ಬಾಡಿಗೆ ಮನೆಯ ಒಪ್ಪಿಗೆಗೂ ಕಚೇರಿಯ ಒಂದು ಹಾಳೆ ಮಾಹಿತಿಗೂ ಸಿಕ್ಕಿರುವ ಕಾಲದ ರಕ್ಷಣೆ ವಿಧಾನಸಭೆಯ ಮಸೂದೆಗೆ ಸಿಗದಿರುವುದು ನನಗೆ ನೋವಿನ ಸಂಗತಿ.

ಪರಂತುಕದಲ್ಲಿ ‘ಆದಷ್ಟು ಬೇಗ’ ಎಂಬ ಮಾತಿದೆ, ದಿನಗಳ ಲೆಕ್ಕವಿಲ್ಲ. ನವೆಂಬರ್ ಅಭಿಪ್ರಾಯ ಆ ಲೆಕ್ಕವನ್ನು ತುಂಬಲು ಒಪ್ಪಲಿಲ್ಲ. ಸಂವಿಧಾನ ಬರೆದವರು ಬೇಕೆಂದೇ ಸಡಿಲ ಬಿಟ್ಟಿದ್ದಾರೆ, ನ್ಯಾಯಾಧೀಶರು ಅಲ್ಲಿ ಅಂಕೆ ಬರೆಯುವುದು ತಿದ್ದುಪಡಿಯೇ ಆಗುತ್ತದೆ ಎಂಬ ಅದರ ತರ್ಕವನ್ನು ನಾನು ಗೌರವಿಸುತ್ತೇನೆ. ಆದರೆ ಅದೇ ಅಭಿಪ್ರಾಯ ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ದೀರ್ಘವಾದ, ವಿವರಣೆಯಿಲ್ಲದ, ಕೊನೆ ಕಾಣದ ನಿಷ್ಕ್ರಿಯತೆ ಇದ್ದರೆ, ನಿರ್ಧಾರ ಹೀಗೇ ಇರಲಿ ಎಂದು ಹೇಳದೆ, ಸಮಂಜಸ ಕಾಲದೊಳಗೆ ಯಾವುದಾದರೂ ಒಂದು ನಿರ್ಧಾರ ತೆಗೆದುಕೊಳ್ಳಿ ಎಂದು ನ್ಯಾಯಾಲಯ ಸೀಮಿತ ನಿರ್ದೇಶನ ಕೊಡಬಹುದು. ಎಷ್ಟು ತಿಂಗಳಾದರೆ ‘ದೀರ್ಘ’, ಎಂಥ ಪತ್ರ ಬಂದರೆ ‘ವಿವರಣೆ’ ಎಂಬುದನ್ನು ಇನ್ನು ಒಂದೊಂದು ಪ್ರಕರಣದಲ್ಲಿ ವಾದಿಸಿಯೇ ಗೊತ್ತುಮಾಡಬೇಕು. ಆ ಅರ್ಜಿಗಳನ್ನು ಹಾಕುವ ರಾಜ್ಯಗಳು ಮೊದಲು ಕೇಳಬೇಕಾದದ್ದು ಅಂಕಿತವನ್ನಲ್ಲ, ಕಾರಣವನ್ನು: ಮಸೂದೆಯನ್ನು ಯಾವ ದಿನ ಸ್ವೀಕರಿಸಿದಿರಿ, ಯಾವ ಕಲಮಿನ ಬಗ್ಗೆ ಏನು ಆಕ್ಷೇಪ, ಆ ಆಕ್ಷೇಪವನ್ನು ಸದನಕ್ಕೆ ಯಾವಾಗ ಕಳಿಸುತ್ತೀರಿ.